ಕಾಂಟೆಸ್ಸಾ ಸಸ್ಪೆನ್ಷನ್ ಬುಶ್ ಎಂಟೇ ತಿಂಗಳಲ್ಲಿ ಹರಿದಿದೆ. ಈ ಸಲ ರಬ್ಬರ್ ಹಾಕಿಸಲಾ, ಪಿಯು ಹಾಕಿಸಲಾ?

ತಿಲಕವಾಡಿ ಕಾಂಟೆಸ್ಸಾ

ಎಲ್ಲರಿಗೂ ನಮಸ್ಕಾರ. ಬೆಳಗಾವಿ ತಿಲಕವಾಡಿಯಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ 1991ರ ಕಾಂಟೆಸ್ಸಾ ಕ್ಲಾಸಿಕ್ ಕಾರು ಇದೆ. ಇಸುಜು 1.8 ಪೆಟ್ರೋಲ್ ಎಂಜಿನ್. ಅಪ್ಪ ಶೋರೂಮಿನಿಂದ ಹೊಸದಾಗಿ ತಂದ ಗಾಡಿ. ಅವರು ಓಡಿಸುವುದು ಬಿಟ್ಟ ಮೇಲೆ ಆರು ವರ್ಷ ಶೆಡ್‌ನಲ್ಲಿ ನಿಂತಿತ್ತು. ಮೂರು ವರ್ಷದಿಂದ ನಾನು ಒಂದೊಂದೇ ಕೆಲಸ ಹಿಡಿದು ಮಾಡಿಸುತ್ತಿದ್ದೇನೆ. ಚಿಕ್ಕಂದಿನಿಂದ ಅಮೆರಿಕದ ಹಾಟ್ ರಾಡ್, ಅಂದರೆ ಜೋರಾಗಿ ಓಡುವ ಹಾಗೆ ಬದಲಿಸಿದ ಹಳೇ ಕಾರುಗಳ ಫೋಟೋ ನೋಡಿ ಬೆಳೆದವನು ನಾನು. ಹಾಗಾಗಿ ಗಾಡಿ ತಗ್ಗಿಸಿ, ಅಗಲ ಚಕ್ರ ಹಾಕಿ, ಕಾರ್ಬ್ಯುರೇಟರ್ ಬದಲಿಸಿದ್ದೇನೆ. ಎಂಜಿನ್ ಬಗ್ಗೆ ಖುಷಿ ಇದೆ. ತಲೆನೋವು ಇರುವುದು ಕೆಳಗೆ, ಸಸ್ಪೆನ್ಷನ್‌ನಲ್ಲಿ.

ಹೋದ ವರ್ಷ ಮುಂದಿನ ಮೇಲಿನ ಆರ್ಮ್, ಕೆಳಗಿನ ಆರ್ಮ್ ಎರಡರ ಬುಶ್‌ಗಳನ್ನೂ ಒಂದು ಗ್ಯಾರೇಜಿನಲ್ಲಿ ಹೊಸದು ಹಾಕಿಸಿದೆ. ಆರ್ಮ್ ಅಂದರೆ ಚಕ್ರವನ್ನು ಗಾಡಿಗೆ ಹಿಡಿಯುವ ತೋಳು, ಬುಶ್ ಅಂದರೆ ಅದರ ಕೀಲಿನಲ್ಲಿ ಕೂರುವ ರಬ್ಬರ್ ತುಂಡು. ಎಂಟು ತಿಂಗಳು ಆಗಿದೆ, ಅಷ್ಟೇ. ಈಗ ಮತ್ತೆ ಮೊದಲಿನ ಹಾಗೇ ಆಗಿದೆ. ಹಂಪ್ ಮೇಲೆ ನಿಧಾನವಾಗಿ ಹತ್ತಿಸಿದರೆ ಟಕ್ ಅಂತ ಶಬ್ದ ಬರುತ್ತದೆ. ವಂಟಮುರಿ ಘಾಟ್ ಇಳಿಯುವಾಗ ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ. ಎಡ ಮುಂದಿನ ಟೈರಿನ ಒಳ ಅಂಚು ಸವೆದು ನುಣ್ಣಗಾಗಿದೆ. ಹೈವೇಯಲ್ಲಿ 80ರ ಮೇಲೆ ಹೋದರೆ ಹಿಂಭಾಗ ಅತ್ತಿತ್ತ ತೂಗುತ್ತದೆ.

ಈ ಸಲ ಪಾಲಿಯುರೆಥೇನ್ ಬುಶ್, ಅಂದರೆ ಪಿಯು, ಪೂರ್ತಿ ಸೆಟ್ ಹಾಕಿಸಿಬಿಡೋಣ ಅಂತ ಇದ್ದೇನೆ. ಜೀವನಪೂರ್ತಿ ಬಾಳಿಕೆ ಬರುತ್ತದೆ ಅಂತ ಹೇಳುತ್ತಾರೆ. ನಿಮ್ಮ ಅನುಭವ ಹೇಳಿ.

ಬಾಗಲಕೋಟೆ ಜೀಪು

ಬುಶ್ ತರಿಸುವ ಮುಂಚೆ ಬಾಲ್ ಜಾಯಿಂಟ್ (ಆರ್ಮಿನ ಚಕ್ರದ ಕಡೆಯ ತುದಿಯ ಗುಂಡು ಕೀಲು) ನೋಡಿದಿರಾ? ಎರಡರ ಶಬ್ದವೂ ಹೆಚ್ಚು ಕಡಿಮೆ ಒಂದೇ ಥರ. ಜ್ಯಾಕ್ ಅನ್ನು ಕೆಳಗಿನ ಆರ್ಮ್ ಅಡಿಯಲ್ಲಿಟ್ಟು ಚಕ್ರ ಎತ್ತಿ. ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿ. ಆಟ, ಅಂದರೆ ಸಡಿಲ, ಇದ್ದರೆ ಇನ್ನೊಬ್ಬರಿಗೆ ಟಾರ್ಚ್ ಬಿಟ್ಟು ನೋಡಲು ಹೇಳಿ, ಅದು ಬಾಲ್ ಜಾಯಿಂಟ್‌ನಲ್ಲೋ ವೀಲ್ ಬೇರಿಂಗ್‌ನಲ್ಲೋ ಗೊತ್ತಾಗುತ್ತದೆ. ಆಮೇಲೆ ಆರ್ಮ್ ಮತ್ತು ಚಾಸಿ ನಡುವೆ ದಪ್ಪ ಸಬ್ಬಲ್ ಹಾಕಿ ಮೆಲ್ಲಗೆ ಮೀಟಿ. ಒಳ್ಳೇ ಬುಶ್ ಆದರೆ ಸ್ವಲ್ಪ ಬಾಗಿ ವಾಪಸ್ ಬರುತ್ತದೆ. ಹೋದ ಬುಶ್ ಆದರೆ ನಡುವಿನ ಪೈಪು ಸುಮ್ನೆ ಓಡಾಡುತ್ತದೆ.

ವಿಜಯಪುರ ಪದ್ಮಿನಿ

ನನ್ನದು ಪ್ರೀಮಿಯರ್ ಪದ್ಮಿನಿ. ಬುಶ್ ಕಿರ್ ಕಿರ್ ಅನ್ನಲು ಶುರುವಾದಾಗಲೆಲ್ಲ ಚಾಸಿ ಗ್ರೀಸ್ ಹಚ್ಚುತ್ತೇನೆ. ಒಂದು ತಿಂಗಳು ಸುಮ್ಮನಿರುತ್ತದೆ. ನೀವೂ ಮೊದಲು ಗ್ರೀಸ್ ಹಚ್ಚಿ ನೋಡಿ, ಖರ್ಚು ಉಳಿಯುತ್ತದೆ.

ಉದ್ಯಮಬಾಗ್ ಲೇತ್

ಪದ್ಮಿನಿ ಅಣ್ಣಾ, ದಯವಿಟ್ಟು ರಬ್ಬರ್ ಬುಶ್‌ಗೆ ಆ ಗ್ರೀಸ್ ಹಚ್ಚಬೇಡಿ. ಪೆಟ್ರೋಲಿಯಂ ಎಣ್ಣೆ ನೈಸರ್ಗಿಕ ರಬ್ಬರಿನ ಒಳಗೆ ಇಳಿಯುತ್ತದೆ. ರಬ್ಬರ್ ಉಬ್ಬಿ, ಮೆತ್ತಗಾಗಿ, ಕಡೆಗೆ ಬೆಲ್ಲದ ಪಾಕದ ಹಾಗೆ ಅಂಟಾಗುತ್ತದೆ. ಶಬ್ದ ನಿಂತಿದ್ದು ಬುಶ್ ಸರಿಯಾಗಿದ್ದಕ್ಕಲ್ಲ, ಮೆತ್ತಗಾಗಿದ್ದಕ್ಕೆ. ಎಂಜಿನ್ ಆಯಿಲ್ ಸೋರುವ ಹಳೇ ಗಾಡಿಗಳಲ್ಲಿ ನೋಡಿ, ಆಯಿಲ್ ಬೀಳುವ ಕಡೆಯ ಬುಶ್‌ಗಳೇ ಮೊದಲು ಹೋಗುತ್ತವೆ. ಹಚ್ಚಲೇಬೇಕು ಅಂದರೆ ಸಿಲಿಕೋನ್ ಗ್ರೀಸ್ ಹಚ್ಚಿ. ಇಲ್ಲಾಂದ್ರೆ ಬ್ರೇಕ್ ಸಿಲಿಂಡರಿಗೆ ಹಚ್ಚುವ ಕೆಂಪು ರಬ್ಬರ್ ಗ್ರೀಸ್. ಅದನ್ನು ಮಾಡುವುದು ಔಡಲೆಣ್ಣೆಯಿಂದ, ರಬ್ಬರಿಗೆ ತೊಂದರೆ ಇಲ್ಲ.

ತಿಲಕವಾಡಿ ಅವರಿಗೆ: ಪಿಯು ವಿಷಯ ಆಮೇಲೆ ಮಾತಾಡೋಣ. ಒಳ್ಳೇ ರಬ್ಬರ್ ಬುಶ್ ಎಂಟು ತಿಂಗಳಿಗೆ ಹೋಗುವುದಿಲ್ಲ. ನಿಮ್ಮ ಅಪ್ಪ ಓಡಿಸುವಾಗ ಎಷ್ಟು ವರ್ಷ ಬಂದಿತ್ತು ಕೇಳಿ ನೋಡಿ. ಹೋಗಿದೆ ಅಂದರೆ ಒಂದೋ ಮಾಲು ಸರಿ ಇಲ್ಲ, ಇಲ್ಲವೇ ಕೂರಿಸಿದ್ದು ಸರಿ ಇಲ್ಲ. ನನಗೆ ಮೂರು ವಿಷಯ ಬೇಕು. ಹರಿದ ಬುಶ್ ಹೇಗೆ ಹರಿದಿದೆ, ಹತ್ತಿರದಿಂದ ಒಂದು ಫೋಟೋ. ಬೋಲ್ಟ್ ಬಿಗಿ ಮಾಡುವಾಗ ಗಾಡಿ ಎಲ್ಲಿತ್ತು, ಲಿಫ್ಟ್ ಮೇಲಾ ನೆಲದ ಮೇಲಾ? ಗಾಡಿ ತಗ್ಗಿಸಿದ್ದು ಬುಶ್ ಹಾಕುವ ಮುಂಚೆಯಾ, ಆಮೇಲಾ?

ತಿಲಕವಾಡಿ ಕಾಂಟೆಸ್ಸಾ

ಬಾಲ್ ಜಾಯಿಂಟ್ ನೋಡಿದೆ, ಆಟ ಇಲ್ಲ. ಸಬ್ಬಲ್ ಹಾಕಿ ಮೀಟಿದರೆ ಎಡಗಡೆ ಕೆಳಗಿನ ಆರ್ಮಿನ ಎರಡೂ ಬುಶ್‌ಗಳಲ್ಲಿ ನಡುವಿನ ಪೈಪು ಪೂರ್ತಿ ಓಡಾಡುತ್ತದೆ. ಬಲಗಡೆ ಸ್ವಲ್ಪ ಪರವಾಗಿಲ್ಲ. ಹಿಂದಿನ ಆಕ್ಸಲ್ ಅಡ್ಡಡ್ಡ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡಿನ ಎರಡು ಬುಶ್‌ಗಳೂ ಹಳೇವು. ಅವನ್ನು ಇಲ್ಲಿಯವರೆಗೆ ಯಾರೂ ಮುಟ್ಟಿಲ್ಲ.

ಫೋಟೋ ಹಾಕಿದ್ದೇನೆ. ರಬ್ಬರ್ ಒಳಗಿನ ಪೈಪಿನ ಸುತ್ತ ಬಳೆ ಥರ ಸೀಳಿದೆ.

ಬಿಗಿ ಮಾಡಿದಾಗ ಗಾಡಿ ಲಿಫ್ಟ್ ಮೇಲೆ ಇತ್ತು, ಚಕ್ರ ಇರಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿ ತಗ್ಗಿಸಿದ್ದು ಬುಶ್ ಹಾಕಿದ ಎರಡು ತಿಂಗಳ ಮೇಲೆ. ಆಗ ಆರ್ಮಿನ ಬೋಲ್ಟ್ ಸಡಿಲಿಸಿರಲಿಲ್ಲ. ಸಡಿಲಿಸಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ.

ಉದ್ಯಮಬಾಗ್ ಲೇತ್

ಉತ್ತರ ಸಿಕ್ಕಿತು. ಸ್ವಲ್ಪ ಉದ್ದ ಬರೆಯುತ್ತೇನೆ. ಈ ಒಂದು ವಿಷಯ ಗೊತ್ತಿಲ್ಲದೆ ನಮ್ಮ ಕಡೆ ಎಷ್ಟೋ ಒಳ್ಳೇ ಬುಶ್‌ಗಳು ಕಸದ ಬುಟ್ಟಿಗೆ ಹೋಗುತ್ತವೆ.

ಇಂಥ ರಬ್ಬರ್ ಬುಶ್‌ಗೆ ಸೈಲೆಂಟ್ ಬ್ಲಾಕ್ ಅನ್ನುತ್ತಾರೆ. ಅದರಲ್ಲಿ ಏನಿರುತ್ತದೆ? ಹೊರಗೆ ಒಂದು ಉಕ್ಕಿನ ಬಳೆ, ಒಳಗೆ ಒಂದು ಉಕ್ಕಿನ ಪೈಪು, ನಡುವೆ ರಬ್ಬರ್. ಆ ರಬ್ಬರ್ ಎರಡಕ್ಕೂ ಗಟ್ಟಿಯಾಗಿ ಅಂಟಿರುತ್ತದೆ. ಹೊರಗಿನ ಬಳೆ ಆರ್ಮಿನ ಕಣ್ಣಿನಲ್ಲಿ, ಅಂದರೆ ದುಂಡು ತೂತಿನಲ್ಲಿ, ಬಿಗಿಯಾಗಿ ಕೂರುತ್ತದೆ. ಒಳಗಿನ ಪೈಪನ್ನು ಬೋಲ್ಟು ಚಾಸಿಯ ಎರಡು ಕಿವಿಗಳ ನಡುವೆ ಹಿಡಿದಿಡುತ್ತದೆ. ಅಂದರೆ ಬೋಲ್ಟ್ ಬಿಗಿಯಾದ ಮೇಲೆ ಒಳಗಿನ ಪೈಪು ತಿರುಗುವುದೇ ಇಲ್ಲ. ಹಾಗಾದರೆ ಆರ್ಮ್ ಮೇಲೆ ಕೆಳಗೆ ಹೇಗೆ ಆಡುತ್ತದೆ? ರಬ್ಬರ್ ತಿರುಚಿಕೊಳ್ಳುವುದರಿಂದ. ಎಲ್ಲೂ ಏನೂ ಜಾರುವುದಿಲ್ಲ, ಉಜ್ಜುವುದಿಲ್ಲ. ಒದ್ದೆ ಬಟ್ಟೆ ಹಿಂಡಿ ಬಿಟ್ಟರೆ ಅದು ವಾಪಸ್ ಬಿಚ್ಚಿಕೊಳ್ಳುತ್ತದಲ್ವಾ, ಹಾಗೆ.

ಈಗ ನೀವು ಬೋಲ್ಟ್ ಬಿಗಿ ಮಾಡಿದ ಕ್ಷಣದಲ್ಲಿ ಆರ್ಮ್ ಎಲ್ಲಿತ್ತೋ ಅದೇ ಆ ರಬ್ಬರಿನ ವಿಶ್ರಾಂತಿ ಜಾಗ. ಲಿಫ್ಟ್ ಮೇಲೆ ಆರ್ಮ್ ಪೂರ್ತಿ ಕೆಳಗೆ ಜೋತು ಬಿದ್ದಿರುತ್ತದೆ. ಅಲ್ಲಿ ಬಿಗಿ ಮಾಡಿ ಗಾಡಿ ಇಳಿಸಿದರೆ, ನಿಂತ ಗಾಡಿಯಲ್ಲೇ ರಬ್ಬರ್ ತಿರುಚಿಕೊಂಡಿರುತ್ತದೆ. ರಾತ್ರಿ ಹಗಲು, ಓಡಿದರೂ ನಿಂತರೂ.

ಲೆಕ್ಕ ಹಾಕಿ ನೋಡೋಣ. ಆರ್ಮ್ ಉದ್ದ 300 ಮಿ.ಮೀ ಅಂದುಕೊಳ್ಳಿ. ಜೋತು ಬಿದ್ದಾಗ ಅದರ ತುದಿ 80 ಮಿ.ಮೀ ಕೆಳಗಿರುತ್ತದೆ ಅಂದುಕೊಳ್ಳಿ. ಗಾಡಿ ನೆಲಕ್ಕೆ ಬಂದಾಗ ಸುಮಾರು 15 ಡಿಗ್ರಿ ತಿರುಚಿತು. ಆಮೇಲೆ ನೀವು ಸ್ಪ್ರಿಂಗ್ ಕತ್ತರಿಸಿ ಇನ್ನೊಂದು 40 ಮಿ.ಮೀ ತಗ್ಗಿಸಿದಿರಿ ಅಂದರೆ ಒಟ್ಟು 120 ಮಿ.ಮೀ. ಈಗ ಸುಮಾರು 23 ಡಿಗ್ರಿ. ಇದು ಗಾಡಿ ಸುಮ್ಮನೆ ನಿಂತಾಗಿನ ಕಥೆ. ಗುಂಡಿಗೆ ಬಿದ್ದಾಗ ಆರ್ಮ್ ಇನ್ನೂ ಮೇಲೆ ಹೋಗುತ್ತದೆ. ಆ ರಬ್ಬರ್ ಎಷ್ಟು ದಿನ ತಡೆದೀತು? ಫೋಟೋದಲ್ಲಿ ಬಳೆ ಥರ ಸೀಳಿದೆಯಲ್ಲ, ಅದೇ ತಿರುಚಿ ಹರಿದ ಗುರುತು. ಹಳೇದಾಗಿ ಬಿಸಿಲಿಗೆ ಒಣಗಿದ ಬುಶ್ ಹಾಗೆ ಹರಿಯುವುದಿಲ್ಲ. ಅದರ ಮೇಲೆಲ್ಲ ಸಣ್ಣ ಸಣ್ಣ ಬಿರುಕು ಬರುತ್ತವೆ, ಬೇಸಿಗೆಯ ಎರೆಹೊಲದ ಹಾಗೆ.

ಹಾಗಾಗಿ ತಪ್ಪು ರಬ್ಬರಿನದಲ್ಲ.

ಬಾಗಲಕೋಟೆ ಜೀಪು

ನನ್ನ ಜೀಪಿನ ಶ್ಯಾಕಲ್ (ಲೀಫ್ ಅಥವಾ ಪಟ್ಟಿ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಹಿಡಿಯುವ ಕೊಂಡಿ) ಬುಶ್‌ಗಳು ಎರಡು ವರ್ಷಕ್ಕೊಮ್ಮೆ ಹೋಗುತ್ತಿದ್ದವು. ಕಬ್ಬಿನ ಸೀಸನ್‌ನಲ್ಲಿ ಮುಧೋಳ, ಜಮಖಂಡಿ ಕಡೆ ರಸ್ತೆ ಹೇಗಿರುತ್ತದೆ ನಿಮಗೆ ಗೊತ್ತಲ್ಲ, ಅದಕ್ಕೇ ಹೋಗುತ್ತವೆ ಅಂದುಕೊಂಡಿದ್ದೆ. ನಾನೂ ಯಾವಾಗಲೂ ಚಾಸಿ ಎತ್ತಿ, ಆಕ್ಸಲ್ ಜೋತು ಬಿಟ್ಟೇ ಬಿಗಿ ಮಾಡುತ್ತಿದ್ದೆ. ಇವತ್ತೇ ಎಲ್ಲ ಸಡಿಲಿಸಿ ನೆಲದ ಮೇಲೆ ನಿಲ್ಲಿಸಿ ಬಿಗಿ ಮಾಡುತ್ತೇನೆ.

ಉದ್ಯಮಬಾಗ್ ಲೇತ್

ಮಾಡಿ. ಲೀಫ್ ಸ್ಪ್ರಿಂಗಿನ ಮುಂದಿನ ಕಣ್ಣಿನಲ್ಲಿ ಸೈಲೆಂಟ್ ಬ್ಲಾಕ್ ಇದ್ದರೆ ಇದೇ ನಿಯಮ. ಶ್ಯಾಕಲ್ ಕಡೆ ಎರಡು ತುಂಡಿನ ರಬ್ಬರ್ ಇದ್ದರೆ ಅದನ್ನು ಸೋಪಿನ ನೀರು ಹಚ್ಚಿ ಕೈಯಲ್ಲೇ ಕೂರಿಸಬಹುದು, ಆದರೂ ಕೊನೆಯ ಬಿಗಿ ಭಾರ ಬಿದ್ದ ಮೇಲೇ. ತೀರಾ ಹಳೇ ಜೀಪುಗಳಲ್ಲಿ ಥ್ರೆಡ್ ಇರುವ ಲೋಹದ ಬುಶ್ ಬರುತ್ತಿತ್ತು. ಅದಕ್ಕೆ ಮಾತ್ರ ಗ್ರೀಸ್ ಗನ್ ಬೇಕು. ಅಲ್ಲಿ ರಬ್ಬರೇ ಇಲ್ಲ.

ಕ್ಯಾಂಪ್ ಹುಡುಗ

ಹಾಗಾದರೆ ಪಿಯು ಹಾಕಿದರೆ ಈ ತಿರುಚುವ ತೊಂದರೆಯೇ ಇಲ್ಲ ಅಲ್ವಾ? ಅದು ಜಾರುತ್ತದೆ ಅಂತ ಓದಿದ್ದೇನೆ.

ಉದ್ಯಮಬಾಗ್ ಲೇತ್

ಹೌದು. ಪಿಯು ಬುಶ್ ಒಳಗಿನ ಪೈಪಿಗೆ ಅಂಟಿರುವುದಿಲ್ಲ. ಪೈಪಿನ ಮೇಲೆ ಜಾರುತ್ತದೆ. ಅದಕ್ಕೇ ಅದಕ್ಕೆ ಸಿಲಿಕೋನ್ ಗ್ರೀಸ್ ಬೇಕು, ಒಣಗಿದರೆ ಹಳೇ ಬಾಗಿಲಿನ ಹಾಗೆ ಕಿರಗುಟ್ಟುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಖಾನಾಪುರ, ಜಾಂಬೋಟಿ ಕಡೆ ನಾಲ್ಕು ಸಲ ಹೋಗಿ ಬಂದರೆ ಕೆಸರು ಒಳಗೆ ಸೇರಿ ಆ ಪೈಪನ್ನು ಉಜ್ಜಿ ತಿನ್ನುತ್ತದೆ. ಬಿಚ್ಚಿ ತೊಳೆದು ಮತ್ತೆ ಗ್ರೀಸ್ ಹಾಕಬೇಕು. ಜೀವನಪೂರ್ತಿ ಅನ್ನುವ ಮಾತು ಈ ಸೇವೆಯನ್ನೂ ಸೇರಿಸಿ ಹೇಳಿದರೆ ಮಾತ್ರ ಸರಿ.

ಇನ್ನು ಗಡಸುತನ. ಕಾರುಗಳ ರಬ್ಬರ್ ಬುಶ್ ಸಾಮಾನ್ಯವಾಗಿ ಶೋರ್ ಎ ಅಳತೆಯಲ್ಲಿ 50ರಿಂದ 70 ಇರುತ್ತದೆ. ಪಿಯು 80ರಿಂದ 95. ಸ್ಟೀರಿಂಗ್ ಚುರುಕಾಗುತ್ತದೆ, ನಿಜ. ಆದರೆ ರಸ್ತೆಯ ಪ್ರತಿ ಕಲ್ಲೂ ಬಾಡಿಗೆ ಬಂದು ಬಡಿಯುತ್ತದೆ. ಕಾಂಟೆಸ್ಸಾಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. 30 ವರ್ಷ ದಾಟಿದ ತಗಡು ಅದು, ಒಳಗೆ ಎಲ್ಲಿ ತುಕ್ಕು ಹಿಡಿದಿದೆ ಯಾರಿಗೆ ಗೊತ್ತು. ಬುಶ್ ತಿನ್ನದ ಏಟನ್ನು ಆ ತಗಡು ತಿನ್ನುತ್ತದೆ.

ಹಾಟ್ ರಾಡ್ ಪ್ರೇಮಿ

ನಾನು ಬೆಳಗಾವಿಯವನೇ, ಕೆಲಸಕ್ಕೆ ಅಂತ ಕೆಲವು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದೆ. ಅಲ್ಲಿ ಹಾಟ್ ರಾಡ್ ಕಟ್ಟುವವರ ಜೊತೆ ಶನಿವಾರ ಭಾನುವಾರ ಕೈ ಮಸಿ ಮಾಡಿಕೊಂಡಿದ್ದೇನೆ. ಪಿಯು ಎಲ್ಲೆಂದರಲ್ಲಿ ಹಾಕಬಾರದು ಅನ್ನುವುದಕ್ಕೆ ಅಲ್ಲಿಯ ಒಂದು ಹಳೇ ಪಾಠ ಹೇಳುತ್ತೇನೆ.

1932ರಲ್ಲಿ ಫೋರ್ಡ್ ಕಡಿಮೆ ಬೆಲೆಗೆ ವಿ8 ಕಾರು ತಂದಿತು. ಹಾಟ್ ರಾಡ್ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಆ ಗಾಡಿ. ಹುಡುಗರು ಅದರ ಮಡ್‌ಗಾರ್ಡ್ ಕಿತ್ತು, ಭಾರ ಇಳಿಸಿ, ಕ್ಯಾಲಿಫೋರ್ನಿಯಾದ ಒಣ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಮುರಾಕ್, ಎಲ್ ಮಿರಾಜ್ ಅಂತ ಆ ಜಾಗಗಳು. ಆ ಫೋರ್ಡಿಗೆ ಮುಂದೆ ಒಂದೇ ಗಟ್ಟಿ ಐ ಬೀಮ್ ಆಕ್ಸಲ್, ಅಡ್ಡಡ್ಡ ಒಂದೇ ಲೀಫ್ ಸ್ಪ್ರಿಂಗ್. ಆಕ್ಸಲ್ ಹಿಂದೆ ಮುಂದೆ ಹೋಗದ ಹಾಗೆ ವಿ ಆಕಾರದ ಒಂದು ವಿಶ್‌ಬೋನ್, ಅದರ ತುದಿ ನಡುಮಧ್ಯದಲ್ಲಿ ಒಂದು ಗುಂಡಿನ ಮೇಲೆ ಕೂತಿರುತ್ತದೆ. ದೊಡ್ಡ ಎಂಜಿನ್, ಬೇರೆ ಗೇರ್‌ಬಾಕ್ಸ್ ಹಾಕುವಾಗ ಆ ನಡುವಿನ ತುದಿ ಅಡ್ಡ ಬರುತ್ತಿತ್ತು. ಅದನ್ನು ಸೀಳಿ ಎರಡು ಮಾಡಿ, ಎಡ ಬಲ ಚಾಸಿ ರೈಲಿಗೆ ಕಟ್ಟಿದರು. ಆಗ ಏನಾಯ್ತು? ಒಂದು ಚಕ್ರ ಮಾತ್ರ ಮೇಲೆ ಹತ್ತಿದರೆ ಆಕ್ಸಲ್ಲೇ ತಿರುಚಿಕೊಳ್ಳಬೇಕು, ಬೇರೆ ದಾರಿ ಇಲ್ಲ. ಐ ಬೀಮ್ ಆಕ್ಸಲ್ ಸ್ವಲ್ಪ ತಿರುಚಿಕೊಳ್ಳುತ್ತದೆ, ತಡೆಯುತ್ತದೆ. ಗಟ್ಟಿ ಪೈಪಿನ ಆಕ್ಸಲ್ ಹಾಕಿದರೆ ಅದು ತಿರುಚುವುದಿಲ್ಲ, ಆಗ ಬ್ರ್ಯಾಕೆಟ್ಟೋ ವೆಲ್ಡಿಂಗೋ ಬಿರುಕು ಬಿಡುತ್ತದೆ. ಅದಕ್ಕೇ ಪೈಪಿನ ಆಕ್ಸಲ್‌ಗೆ ನಾಲ್ಕು ಸರಳಿನ ಲಿಂಕ್ ಹಾಕುವ ರೂಢಿ ಬಂತು. ಸರಳುಗಳ ತುದಿಗೆ ಬುಶ್.

ಕಾಂಟೆಸ್ಸಾ ಹಿಂಭಾಗವೂ ಹಾಗೇ, ಗಟ್ಟಿ ಆಕ್ಸಲ್ ಹಿಡಿಯಲು ಲಿಂಕ್‌ಗಳು. ತಿರುವಿನಲ್ಲಿ ಬಾಡಿ ವಾಲಿದಾಗ ಪ್ರತಿ ಲಿಂಕೂ ಸ್ವಲ್ಪ ಮೈ ತಿರುಚಬೇಕು. ಮೆತ್ತನೆ ರಬ್ಬರ್ ಬಿಡುತ್ತದೆ. ಗಟ್ಟಿ ಪಿಯು ಬಿಡುವುದಿಲ್ಲ. ಎಲ್ಲ ತುದಿಗೂ ಪಿಯು ಹಾಕಿದರೆ ಹಿಂದಿನ ಆಕ್ಸಲ್ ಒಂದು ದೊಡ್ಡ ಆಂಟಿ ರೋಲ್ ಬಾರ್ (ಬಾಡಿ ವಾಲದಂತೆ ತಡೆಯುವ ಸರಳು) ಥರ ಆಗುತ್ತದೆ. ಒದ್ದೆ ರಸ್ತೆಯಲ್ಲಿ ಹಿಂಭಾಗ ತಟ್ಟನೆ ಜಾರುತ್ತದೆ. ಚೋರ್ಲಾ ಘಾಟ್‌ನಲ್ಲಿ ಜುಲೈ ತಿಂಗಳಲ್ಲಿ ಅದು ಬೇಡವೇ ಬೇಡ.

ಪ್ಯಾನ್‌ಹಾರ್ಡ್ ರಾಡಿಗೆ ಮಾತ್ರ ಪಿಯು ಹಾಕಬಹುದು ಅಂತ ನನ್ನ ಅಭಿಪ್ರಾಯ. ಅದು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ತೂಗುತ್ತದೆ. ನಿಮ್ಮ ಹಿಂಭಾಗ ತೂಗುವುದಕ್ಕೂ ಅದರ ಬುಶ್ಶೇ ಕಾರಣ ಇರಬೇಕು. ಆಕ್ಸಲ್ ಅಡ್ಡಡ್ಡ ಸರಿಯದಂತೆ ಹಿಡಿಯುವುದು ಮುಖ್ಯವಾಗಿ ಆ ಒಂದೇ ರಾಡು.

ತಿಲಕವಾಡಿ ಕಾಂಟೆಸ್ಸಾ

ಎರಡು ಸಲ ಓದಿದೆ. ತುಂಬಾ ಥ್ಯಾಂಕ್ಸ್. ಮುಂದೆ ಪೂರ್ತಿ ರಬ್ಬರ್ ಹಾಕುತ್ತೇನೆ. ಈ ಸಲ ಕೆಲಸ ನಾನೇ ಮಾಡಬೇಕು ಅಂತ ಮನಸ್ಸಾಗಿದೆ. ಬುಶ್ ಎಲ್ಲಿ ಸಿಗುತ್ತದೆ? ಇಲ್ಲಿ ನಾಲ್ಕು ಅಂಗಡಿ ಕೇಳಿದೆ, ಕಾಂಟೆಸ್ಸಾ ಅಂದ ಕೂಡಲೇ ಇಲ್ಲ ಅನ್ನುತ್ತಾರೆ.

ವಿಜಯಪುರ ಪದ್ಮಿನಿ

ಗ್ರೀಸ್ ವಿಷಯ ತಿಳಿಸಿದ್ದಕ್ಕೆ ಲೇತ್ ಅಣ್ಣನಿಗೆ ಥ್ಯಾಂಕ್ಸ್. ಇವತ್ತು ಗಾಡಿ ಕೆಳಗೆ ಹೋಗಿ ಬೆರಳಿನಿಂದ ಒತ್ತಿ ನೋಡಿದೆ. ನೀವು ಹೇಳಿದ ಹಾಗೇ ಅಂಟು ಅಂಟಾಗಿದೆ. ಎಲ್ಲ ಬದಲಿಸುತ್ತೇನೆ.

ಬುಶ್ ಹುಡುಕುವುದಕ್ಕೆ ಒಂದು ದಾರಿ ಹೇಳುತ್ತೇನೆ. ಗಾಡಿ ಹೆಸರು ಹೇಳಿ ಕೇಳಬೇಡಿ. ಅಳತೆ ಹೇಳಿ ಕೇಳಿ. ಹೊರಗಿನ ಬಳೆಯ ವ್ಯಾಸ, ಒಳಗಿನ ಪೈಪಿನ ತೂತು, ಬಳೆಯ ಉದ್ದ, ಪೈಪಿನ ಉದ್ದ. ಈ ನಾಲ್ಕು ಅಳತೆ ವರ್ನಿಯರ್‌ನಲ್ಲಿ ತೆಗೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬೇರೆ ಯಾವುದೋ ಗಾಡಿಯದು ಕೂತೇ ಕೂರುತ್ತದೆ. ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೀಗೇ ಹುಡುಕಿದೆ. ದೆಹಲಿ ಕಾಶ್ಮೀರಿ ಗೇಟ್‌ನಲ್ಲೂ ಹಳೇ ಗಾಡಿಗಳ ಮಾಲು ಸಿಗುತ್ತದೆ.

ಹಾಟ್ ರಾಡ್ ಪ್ರೇಮಿ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಾಂಟೆಸ್ಸಾ ಮೂಲ 1970ರ ದಶಕದ ಇಂಗ್ಲೆಂಡಿನ ವಾಕ್ಸ್‌ಹಾಲ್. ವಿಕ್ಟರ್ ಎಫ್‌ಇ, ಆಮೇಲೆ ವಿಎಕ್ಸ್ ಅಂತ ಬಂದದ್ದು. ಆ ಗಾಡಿ ಇಟ್ಟುಕೊಂಡವರು ಇಂಗ್ಲೆಂಡಿನಲ್ಲಿ ಇನ್ನೂ ಇದ್ದಾರೆ. ಆ ಹೆಸರಿನಲ್ಲಿ ಬುಶ್ ಅಳತೆ ಹುಡುಕಿ, ನಿಮ್ಮ ವರ್ನಿಯರ್ ಅಳತೆಗೆ ತಾಳೆ ನೋಡಿ. ತಾಳೆ ಆಗದೆ ತರಿಸಬೇಡಿ.

ಉದ್ಯಮಬಾಗ್ ಲೇತ್

ನೀವೇ ಮಾಡುವುದಾದರೆ ಮೊದಲು ಸ್ಪ್ರಿಂಗ್ ಬಗ್ಗೆ. ಮುಂದಿನ ಕಾಯಿಲ್ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ. ಕೆಳಗಿನ ಆರ್ಮ್ ಸುಮ್ನೆ ಬಿಚ್ಚಿದರೆ ಅದು ಗುಂಡು ಹಾರಿದ ಹಾಗೆ ಹಾರುತ್ತದೆ. ಜೀವ ಹೋಗುತ್ತದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ, ನಿಜ ಇರುವುದೇ ಹಾಗೆ. ಒಳ್ಳೇ ಸ್ಪ್ರಿಂಗ್ ಕಂಪ್ರೆಸರ್ ತನ್ನಿ, ಸ್ಪ್ರಿಂಗ್ ಒಳಗಿಂದ ಒಂದು ಸರಪಳಿ ಹಾಕಿ ಬಾಡಿಗೆ ಕಟ್ಟಿ, ಆರ್ಮ್ ಅಡಿಯಲ್ಲಿ ಜ್ಯಾಕ್ ಕೊಟ್ಟು ಇಂಚಿಂಚಾಗಿ ಇಳಿಸಿ. ಗಾಡಿ ನಿಲ್ಲಿಸುವುದು ಆಕ್ಸಲ್ ಸ್ಟ್ಯಾಂಡ್ ಮೇಲೆ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ತಲೆ ಹಾಕಬೇಡಿ. ಇಟ್ಟಿಗೆಯಂತೂ ಬೇಡವೇ ಬೇಡ. ಧೈರ್ಯ ಸಾಲದಿದ್ದರೆ ಅಷ್ಟು ಭಾಗ ಮಾತ್ರ ತಿಳಿದವರ ಕೈಯಲ್ಲಿ ಮಾಡಿಸಿ, ಆರ್ಮ್ ಬಿಚ್ಚಿ ನನ್ನ ಹತ್ತಿರ ತನ್ನಿ.

ಬಿಚ್ಚುವ ಮುಂಚೆ ಒಂದು ಕೆಲಸ ಮರೆಯಬೇಡಿ. ಗಾಡಿ ಸಪಾಟು ನೆಲದ ಮೇಲೆ ನಿಂತಾಗ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದಿಡಿ. ನಾಲ್ಕೂ ಕಡೆ. ಕಂಪನಿ ಪುಸ್ತಕದ ಅಳತೆ ನಿಮಗೆ ಉಪಯೋಗ ಇಲ್ಲ. ನಿಮ್ಮ ಗಾಡಿ ತಗ್ಗಿದೆ, ನಿಮ್ಮ ಗಾಡಿ ಈಗ ನಿಲ್ಲುವ ಎತ್ತರವೇ ಬೇಕು. ಕ್ಯಾಂಬರ್‌ಗೆ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನಕ್ಕೆ) ಹಾಕಿದ ತೆಳು ಶಿಮ್ ಪಟ್ಟಿಗಳಿದ್ದರೆ ಯಾವುದು ಎಲ್ಲಿತ್ತು ಅಂತ ಕಟ್ಟಿ ಇಡಿ.

ಹಳೇ ಬುಶ್ ತೆಗೆಯಲು ಕೆಲವರು ಬೆಂಕಿ ಹಚ್ಚುತ್ತಾರೆ. ಆ ಹೊಗೆ ವಿಷ, ಬಳೆಯೂ ಒಳಗೇ ಉಳಿಯುತ್ತದೆ. ಪ್ರೆಸ್ ಇದ್ದರೆ ಪ್ರೆಸ್. ಇಲ್ಲವಾದರೆ ಒಂದು ಉದ್ದ ಥ್ರೆಡ್ ರಾಡ್, ಹಿಂದೆ ಬುಶ್‌ಗಿಂತ ದೊಡ್ಡ ಪೈಪಿನ ತುಂಡು, ಮುಂದೆ ಬಳೆಗಿಂತ ಚೂರೇ ಚಿಕ್ಕ ವಾಷರ್, ನಟ್ ತಿರುಗಿಸುತ್ತಾ ಎಳೆಯಿರಿ. ಅದೂ ಬರದಿದ್ದರೆ ರಬ್ಬರಿಗೆ ಸುತ್ತಲೂ ಡ್ರಿಲ್ ಹೊಡೆದು ಒಳಪೈಪು ತೆಗೆದು, ಹ್ಯಾಕ್ಸಾ ಬ್ಲೇಡ್ ಒಳಗೆ ತೂರಿಸಿ ಬಳೆಯನ್ನು ಒಂದು ಕಡೆ ಸೀಳಿ. ಬಳೆ ಮಾತ್ರ ಸೀಳಬೇಕು. ಬ್ಲೇಡ್ ಆರ್ಮಿನ ಕಣ್ಣಿಗೆ ತಾಗಿದರೆ ಅಲ್ಲಿಂದಲೇ ಮುಂದೆ ಬಿರುಕು ಶುರುವಾಗುತ್ತದೆ.

ಹೊಸದು ಒತ್ತುವಾಗ ಕಣ್ಣಿನ ಒಳಗೆ ತುಕ್ಕು ಕೆರೆದು ಸ್ವಚ್ಛ ಮಾಡಿ, ಸೋಪಿನ ನೀರು ಹಚ್ಚಿ. ಅದು ಒಣಗುತ್ತದೆ, ಬುಶ್ ಬಿಗಿಯಾಗಿ ಹಿಡಿಯುತ್ತದೆ. ಒತ್ತುವುದು ಹೊರಗಿನ ಬಳೆಯ ಮೇಲೆ ಮಾತ್ರ. ಒಳಪೈಪಿನ ಮೇಲೆ ಒತ್ತಿದರೆ ರಬ್ಬರಿನ ಅಂಟು ಅಲ್ಲೇ ಬಿಡುತ್ತದೆ, ಹೊಸ ಬುಶ್ ಅಂಗಡಿಯಿಂದ ಬಂದ ದಿನವೇ ಹೋಯಿತು. ಆರ್ಮ್ ತಗಡಿನದಾದರೆ ಎರಡು ಕಿವಿಗಳ ನಡುವೆ ಅಷ್ಟೇ ಅಗಲದ ಕಬ್ಬಿಣದ ತುಂಡು ಇಡಿ, ಇಲ್ಲದಿದ್ದರೆ ಪ್ರೆಸ್ ಒತ್ತಿದಾಗ ಕಿವಿ ಬಾಗುತ್ತದೆ. ರಬ್ಬರಿನಲ್ಲಿ ಖಾಲಿ ಜಾಗ ಬಿಟ್ಟ ಬುಶ್ ಇದ್ದರೆ ಆ ಖಾಲಿ ಯಾವ ದಿಕ್ಕಿಗಿತ್ತು ಅಂತ ಹಳೇದನ್ನು ನೋಡಿಯೇ ಕೂರಿಸಿ.

ಕ್ಯಾಂಪ್ ಹುಡುಗ

ಬುಶ್ ಅನ್ನು ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಸುಲಭವಾಗಿ ಕೂರುತ್ತದೆಯಾ?

ಉದ್ಯಮಬಾಗ್ ಲೇತ್

ಸ್ವಲ್ಪ ಸಹಾಯ ಆಗುತ್ತದೆ, ಇಡಿ. ಆರ್ಮನ್ನು ಬಿಸಿನೀರಲ್ಲಿ ಕಾಯಿಸಿದರೂ ಸಾಕು. ಗ್ಯಾಸ್ ಟಾರ್ಚ್ ಮಾತ್ರ ಬೇಡ. ಆ ಬಿಸಿಗೆ ಹೊಸ ರಬ್ಬರ್ ಕೂತ ಕೂಡಲೇ ಸುಡುತ್ತದೆ.

ತಿಲಕವಾಡಿ ಕಾಂಟೆಸ್ಸಾ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಸ್ಪ್ರಿಂಗ್ ಬಿಚ್ಚುವ ಕೆಲಸ ಅನುಭವ ಇರುವ ಒಬ್ಬರನ್ನು ಮನೆಗೇ ಕರೆಸಿ ಮಾಡಿಸಿದೆ. ಆರ್ಮ್‌ಗಳನ್ನು ಹೊತ್ತು ಉದ್ಯಮಬಾಗ್‌ಗೆ ಹೋದೆ. ಅಲ್ಲಿ ಇನ್ನೊಂದು ವಿಷಯ ಹೊರಬಂತು. ಎಡ ಆರ್ಮಿನ ಒಂದು ಕಣ್ಣು ಮೊಟ್ಟೆ ಆಕಾರಕ್ಕೆ ಹಿಗ್ಗಿತ್ತು. ಹಿಂದಿನ ಸಲ ಬುಶ್ ಸಡಿಲ ಕೂತಿತ್ತು ಅಂತ ಕಣ್ಣಿನ ಅಂಚಿಗೆ ಪಂಚ್ ಹೊಡೆದು ಬಿಗಿ ಮಾಡಿದ್ದರು. ಆ ಗುರುತುಗಳು ಹಾಗೇ ಇವೆ. ಅದನ್ನು ನೋಡಿ ಬೇಜಾರಾಯಿತು. ಅಪ್ಪ ಅಷ್ಟು ಜತನದಿಂದ ನೋಡಿಕೊಂಡ ಗಾಡಿ.

ಉದ್ಯಮಬಾಗ್ ಲೇತ್

ಅದಕ್ಕೆ ಪರಿಹಾರ ಮಾಡಿದ್ದೇವೆ, ಬೇರೆಯವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತೇನೆ. ಹಿಗ್ಗಿದ ಕಣ್ಣಿಗೆ ಪಂಚ್ ಹೊಡೆಯುವುದು, ನಡುವೆ ತಗಡು ತೂರಿಸುವುದು, ಬುಶ್ ಬಳೆಗೆ ವೆಲ್ಡ್ ಚುಕ್ಕೆ ಇಡುವುದು, ಇವೆಲ್ಲ ಕೆಲವು ದಿನದ ಆಟ. ವೆಲ್ಡ್ ಬಿಸಿಗೆ ರಬ್ಬರ್ ಸಾಯುತ್ತದೆ. ಬೋರಿಂಗ್ ಮಾಡಿ ಕಣ್ಣನ್ನು ಮತ್ತೆ ದುಂಡಗೆ ಮಾಡಿ, ಆ ಹೊಸ ಅಳತೆಗೆ ತೆಳು ಉಕ್ಕಿನ ಸ್ಲೀವ್ ತಿರುಗಿಸಿ, ಅದನ್ನು ಒತ್ತಿ, ಅದರೊಳಗೆ ಬುಶ್ ಒತ್ತಿದೆವು. ಬಳೆ ತೂತಿಗಿಂತ ಮಿಲಿಮೀಟರಿನ ಒಂದೆರಡು ಹತ್ತಂಶ ದೊಡ್ಡದಿರಬೇಕು, ಆಗ ಹಿಡಿತ ಇರುತ್ತದೆ. ಕಣ್ಣಿನ ಗೋಡೆ ತೆಳುವಾಗಿದ್ದರೆ ಇದನ್ನು ಮಾಡಬಾರದು, ಬೇರೆ ಆರ್ಮೇ ಹುಡುಕಬೇಕು. ಇವರದು ದಪ್ಪ ಇತ್ತು.

ಫೌಂಡ್ರಿ, ಲೇತ್ ಇರುವ ಊರು ನಮ್ಮದು. ಈ ಕೆಲಸಕ್ಕೆ ಬೇಕಾದ ಕೈ ಬೆಳಗಾವಿಯಲ್ಲಿ ಓಣಿಗೊಂದು ಸಿಗುತ್ತದೆ. ಕೇಳುವವರು ಸರಿಯಾಗಿ ಕೇಳಬೇಕು ಅಷ್ಟೇ.

ಬಾಗಲಕೋಟೆ ಜೀಪು

ಸ್ಪ್ರಿಂಗ್ ಕತ್ತರಿಸಿದ್ದನ್ನು ಹಾಗೇ ಇಟ್ಟಿರಾ?

ತಿಲಕವಾಡಿ ಕಾಂಟೆಸ್ಸಾ

ಇಲ್ಲ. ಕತ್ತರಿಸಿದ ತುದಿ ಕೂರುವ ಬಟ್ಟಲಲ್ಲಿ ಸರಿಯಾಗಿ ಕೂತಿರಲಿಲ್ಲ, ಅಲ್ಲಿ ಬಣ್ಣ ಉಜ್ಜಿ ಹೋಗಿತ್ತು. ಇನ್ನೊಂದು ವಿಷಯವೂ ಗೊತ್ತಾಯಿತು. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಟ್ಟಿಯಾಗುತ್ತದಂತೆ. ಎಂಟು ಸುತ್ತಿನದನ್ನು ಏಳು ಮಾಡಿದರೆ ಶೇಕಡಾ 14ರಷ್ಟು. ಹಳೇ ಗಾಡಿಯೊಂದರಿಂದ ಪೂರ್ತಿ ಸ್ಪ್ರಿಂಗ್ ಜೋಡಿ ಸಿಕ್ಕಿತು, ಅದನ್ನೇ ಹಾಕಿದೆ. ಗಾಡಿ ಅಪ್ಪ ಓಡಿಸುತ್ತಿದ್ದ ಎತ್ತರಕ್ಕೆ ವಾಪಸ್ ಬಂದಿದೆ. ಅಗಲ ಚಕ್ರ ಇಟ್ಟುಕೊಂಡಿದ್ದೇನೆ, ಎಲ್ಲೂ ತಾಗುತ್ತಿಲ್ಲ.

ಕ್ಯಾಂಪ್ ಹುಡುಗ

ಒಳ್ಳೇದಾಯ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಿಸುವ ಹಾಗಿಲ್ಲ. 15 ವರ್ಷ ದಾಟಿದ ಕಾರಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಇರುತ್ತದೆ. ಹಳೇ ಬುಶ್ ತೆಗೆದು ಹೊಸದು ಹಾಕುವುದು ರಿಪೇರಿ, ಅದಕ್ಕೆ ತೊಂದರೆ ಇಲ್ಲ. ಸ್ಪ್ರಿಂಗ್ ಕತ್ತರಿಸುವುದು, ಎಂಜಿನ್ ಬದಲಿಸುವುದು ಬೇರೆ ಮಾತು.

ಉದ್ಯಮಬಾಗ್ ಲೇತ್

ಎತ್ತರ ಬದಲಾಯಿತು ಅಂದರೆ ನೀವು ಮೊದಲು ಬರೆದಿಟ್ಟ ಟೇಪ್ ಅಳತೆ ಈಗ ನಡೆಯುವುದಿಲ್ಲ. ಎಲ್ಲ ಬೋಲ್ಟ್ ಕೈಬಿಗಿ ಮಾತ್ರ ಮಾಡಿ ಗಾಡಿ ನೆಲಕ್ಕೆ ಇಳಿಸಿ. ಬಾನೆಟ್ ಮೇಲೆ, ಡಿಕ್ಕಿ ಮೇಲೆ ಒತ್ತಿ ಒತ್ತಿ ನಾಲ್ಕೈದು ಸಲ ಕುಣಿಸಿ. ಕೈಬಿಗಿ ಬೋಲ್ಟಿನಲ್ಲಿ ರಸ್ತೆಗೆ ಒಯ್ಯಬೇಡಿ, ಅಂಗಳದಲ್ಲೇ ನಿಧಾನವಾಗಿ ಹಿಂದೆ ಮುಂದೆ ತಳ್ಳಿ. ಈಗ ನಿಂತ ಎತ್ತರವೇ ನಿಮ್ಮ ಹೊಸ ಅಳತೆ. ನಾಲ್ಕೂ ಚಕ್ರ ಗಟ್ಟಿ ರ‍್ಯಾಂಪ್ ಮೇಲೆ ನಿಲ್ಲಿಸಿ, ಉರುಳದ ಹಾಗೆ ಅಡ್ಡ ಕೊಟ್ಟು, ಕೆಳಗೆ ಹೋಗಿ ಟಾರ್ಕ್ ರೆಂಚ್‌ನಲ್ಲಿ (ಬಿಗಿಯ ಬಲ ಅಳೆಯುವ ಪಾನಾ) ಬಿಗಿ ಮಾಡಿ. ಟಾರ್ಕ್ ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿ ಇರುವುದನ್ನೇ ಹಿಡಿಯಿರಿ. ನೈಲಾನ್ ನಟ್ ಹಳೇದು ಮತ್ತೆ ಹಾಕಬೇಡಿ. ಬೋಲ್ಟಿನ ನಡುವೆ ಸವೆದ ಮೆಟ್ಟಿಲು ಕಂಡರೆ ಬೋಲ್ಟೂ ಹೊಸದು ಹಾಕಿ, 8.8 ದರ್ಜೆಗಿಂತ ಕಡಿಮೆ ಬೇಡ.

ಹಿಂದಿನ ಲಿಂಕ್‌ಗಳಿಗೂ ಇದೇ.

ತಿಲಕವಾಡಿ ಕಾಂಟೆಸ್ಸಾ

ಭಾನುವಾರ ಬೆಳಗ್ಗೆ ಮಾಡಿದೆ. ರ‍್ಯಾಂಪ್ ಕೆಳಗೆ ನಾನು, ಪುಸ್ತಕ ಹಿಡಿದು ಟಾರ್ಕ್ ಓದಿ ಹೇಳಲು ಅಪ್ಪ. ಅವರು ಕುರ್ಚಿ ಹಾಕಿಕೊಂಡು ಎರಡು ಗಂಟೆ ಕೂತಿದ್ದರು. ಹಿಂದೆ ಲಿಂಕ್‌ಗಳಿಗೆ ರಬ್ಬರ್, ಪ್ಯಾನ್‌ಹಾರ್ಡ್ ರಾಡಿಗೆ ಪಿಯು ಹಾಕಿದೆ. ಮರುದಿನ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಎಡಗಡೆ ಕ್ಯಾಂಬರ್ ತುಂಬಾ ಒಳಕ್ಕೆ ವಾಲಿತ್ತು, ಶಿಮ್ ಹಾಕಿ ಸರಿಮಾಡಿದರು. ಟೋ, ಅಂದರೆ ಮುಂದಿನ ಚಕ್ರಗಳು ನೋಡುವ ದಿಕ್ಕು, ಅದನ್ನೂ.

ಆಮೇಲೆ ವಂಟಮುರಿ ಘಾಟ್‌ಗೆ ಹೋದೆ. ಅದೇ ಇಳಿಜಾರು, ಅದೇ ಬ್ರೇಕ್. ಕೈ ಸಡಿಲ ಬಿಟ್ಟು ಹಿಡಿದಿದ್ದೆ, ಗಾಡಿ ನೇರ ಹೋಯಿತು. ಪಕ್ಕದಲ್ಲಿ ಅಪ್ಪ ಏನೂ ಮಾತಾಡಲಿಲ್ಲ. ವಾಪಸ್ ಬರುವಾಗ ಕಾಕತಿ ಹತ್ತಿರ ನಿಲ್ಲಿಸಲು ಹೇಳಿ, ಸ್ಟೀರಿಂಗ್ ತಾವೇ ತೆಗೆದುಕೊಂಡರು. ಮನೆವರೆಗೂ ಅವರೇ ಓಡಿಸಿದರು.

ವಿಜಯಪುರ ಪದ್ಮಿನಿ

ಓದಿ ಕಣ್ಣು ತುಂಬಿತು. ನನ್ನ ಪದ್ಮಿನಿ ಆರ್ಮ್‌ಗಳನ್ನು ಈ ಶನಿವಾರ ಬಿಚ್ಚುತ್ತಿದ್ದೇನೆ. ನಾಲ್ಕು ಅಳತೆ ತೆಗೆದು ಇಲ್ಲೇ ಹಾಕುತ್ತೇನೆ, ಯಾರ ಹತ್ತಿರ ಸರಿಹೊಂದುವ ಬುಶ್ ಇದ್ದರೂ ಹೇಳಿ.

ಉದ್ಯಮಬಾಗ್ ಲೇತ್

ಹಾಕಿ. ತಿಲಕವಾಡಿ ಅವರೇ, 500 ಕಿ.ಮೀ ಓಡಿದ ಮೇಲೆ ಒಂದು ಸಲ ಎಲ್ಲ ಬೋಲ್ಟ್ ಟಾರ್ಕ್ ನೋಡಿ. ಆಗಲೂ ಗಾಡಿ ಚಕ್ರದ ಮೇಲೇ ನಿಂತಿರಲಿ.